ಸೌಟು ಮುಟ್ಟಬಾರದ ಭಾನುವಾರ

ಈ ವಯಸ್ಸಿನಲ್ಲಿ ನನಗೊಂದು ಕುರ್ಚಿ ಕೊಟ್ಟರು. "ಇಲ್ಲಿ ಕೂತು ಮಕ್ಕಳನ್ನು ನೋಡಿ. ಬೇರೇನೂ ಮಾಡಬೇಡಿ" ಅಂದರು. ಇದಕ್ಕೆ ಟ್ರೈನಿಂಗ್ ಅಂತ ಹೆಸರು!

ನಿಮಗೆ ಗೊತ್ತೇ ಉಂಟು, ನಾನು ಏಳನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದವನು. ಕುಕ್ಕುಂದೂರಿನ ಮಕ್ಕಳ ಆಶ್ರಮದ ಕೆಲಸಕ್ಕೆ ಸೇರುವಾಗ ನನ್ನ ಮೀಸೆ ಕಪ್ಪಗಿತ್ತು. ಅಂದಿನಿಂದ ಕಂಡವರ ಮಕ್ಕಳ ಹೇನು ತೆಗೆದಿದ್ದೇನೆ, ಜ್ವರ ಬಂದವರ ವಾಂತಿ ಬಾಚಿದ್ದೇನೆ, ಓಡಿಹೋದವರನ್ನು ಬೆಳ್ಮಣ್ಣಿನಲ್ಲಿ ಬಸ್ಸಿನಿಂದ ಇಳಿಸಿ ಕರೆತಂದಿದ್ದೇನೆ. (ಸ್ವಂತ ಮಕ್ಕಳನ್ನು ಮಾತ್ರ ನೋಡಲಿಲ್ಲ ಎನ್ನುತ್ತಾಳೆ ಹೆಂಡತಿ. ಅದಕ್ಕೆ ಈ ಅಂಕಣದಲ್ಲಿ ಜಾಗ ಸಾಲದು.)

ಈಗ ನಮ್ಮ ಆಡಳಿತ ಮಂಡಳಿಗೆ ಜ್ಞಾನೋದಯವಾಗಿದೆ. ಸರ್ಟಿಫಿಕೇಟ್ ಇಲ್ಲದವನ ಕೈಗೆ ಮಕ್ಕಳನ್ನು ಕೊಡಬಾರದಂತೆ. ಹಾಗಾದರೆ ಇಷ್ಟು ವರ್ಷ ಕೊಟ್ಟದ್ದು ಯಾರ ಕೈಗೆ ಸ್ವಾಮಿ? ಮೊದಲು ಮಣಿಪಾಲದಲ್ಲಿ ಕ್ಲಾಸ್. ಆಮೇಲೆ ಕಾಪುವಿನ ಇನ್ನೊಂದು ಆಶ್ರಮದಲ್ಲಿ ಅಪ್ರೆಂಟಿಸ್. ಪಾಸಾದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಮನೆ.

ಕ್ಲಾಸಿನಲ್ಲಿ ಪ್ರೊಜೆಕ್ಟರ್ ಹಾಕಿ 'ಮಗುವಿನ ಘನತೆ' ಎಂಬ ಪಾಠ ಮಾಡಿದರು. ಒಳ್ಳೆಯ ಪಾಠವೇ. ನನ್ನ ತಕರಾರು ಪಾಠದ ಮೇಲಲ್ಲ.

ಕಾಪುವಿನಲ್ಲಿ ನನ್ನ ಮೇಲೆ ಒಬ್ಬರು ಮೇಡಂ. ಪ್ರಾಯದಲ್ಲಿ ನನ್ನ ಮಗಳಂತಿದ್ದರು. ಮೊದಲ ಹಂತ 'ಅಬ್ಸರ್ವೇಶನ್' ಎಂದರು. ನೋಡಬಹುದು, ಕೈ ಹಾಕುವಂತಿಲ್ಲ.

ಭಾನುವಾರ ಬಂತು. ಆಶ್ರಮದ ಭಾನುವಾರ ಎಂದರೆ ಯಾರದಾದರೂ ಹುಟ್ಟುಹಬ್ಬ. ಆಶ್ರಮದ ಮಕ್ಕಳದ್ದಲ್ಲ, ದಾನಿಗಳ ಮಕ್ಕಳದ್ದು. ನಮ್ಮ ಮಕ್ಕಳಿಗೆ ಶಾಲೆಯ ಮಾಸ್ತರರು ಒಟ್ಟಾಗಿ ಜೂನ್ ಒಂದನ್ನೇ ಹುಟ್ಟಿದ ದಿನವೆಂದು ಹಂಚಿದ್ದಾರೆ. ಅವತ್ತು ಯಾರೂ ಪಾಯಸ ಕಳಿಸುವುದಿಲ್ಲ.

ತಲೆಗೆ ಎಣ್ಣೆ ಹಚ್ಚಿ, ಒಗೆದ ಅಂಗಿ ತೊಡಿಸಿ ಮಕ್ಕಳನ್ನು ಸಾಲಾಗಿ ಕೂರಿಸಿದರು. ಎಲೆ ಹಾಕಿ, ತುದಿಗೆ ಉಪ್ಪು, ಉಪ್ಪಿನಕಾಯಿ ಬಡಿಸಿದರು. ಉಡುಪಿಯಿಂದ ಬಂದ ಘೀ ರೈಸ್, ಪಾಯಸ ದೊಡ್ಡ ಪಾತ್ರೆಗಳಲ್ಲಿ ಮುಚ್ಚಿಕೊಂಡು ಕೂತಿದ್ದವು. (ಪರಿಮಳಕ್ಕೆ ಮುಚ್ಚಳ ಉಂಟೇ?) ದಾನಿಗಳು ಮಾತ್ರ ಬಂದಿರಲಿಲ್ಲ. ಲೈಟ್‌ಹೌಸ್ ಹತ್ತಿರ ಫೋಟೊ ತೆಗೆಸಿಕೊಂಡು ಬರುತ್ತಾರಂತೆ.

"ಬಡಿಸಿ ಗಿರಿಜಕ್ಕ" ಎಂದೆ, ಅಡುಗೆಯವರಿಗೆ.

"ಎಂತ ಮಾಡುವುದು ಮಾರಾಯ್ರೇ! ಅವರು ಬಂದು ಮೊದಲ ಸೌಟು ಬಡಿಸದೆ ನಾವು ಮುಟ್ಟುವ ಹಾಗಿಲ್ಲ. ಆರ್ಡರ್ ಉಂಟು."

"ಫೋಟೊಕ್ಕಾ?"

"ಮತ್ತೆಂತಕ್ಕೆ? ಪುಣ್ಯಕ್ಕಾ?"

ಮಕ್ಕಳು ಕಾದರು. ಅನ್ನ ಆರಿತು. ನನ್ನ ಕುರ್ಚಿಯ ಪಕ್ಕದ ಎಲೆಯಲ್ಲಿ ಯಲ್ಲಪ್ಪ. ಕಟ್ಟಡ ಕೆಲಸಕ್ಕೆ ಬಾಗಲಕೋಟೆ ಕಡೆಯಿಂದ ಬಂದವರ ಹುಡುಗ. ಎಲೆಯ ತುದಿಯ ಉಪ್ಪನ್ನೆಲ್ಲ ನೆಕ್ಕಿ ಮುಗಿಸಿದ್ದ.

"ಸರ, ಇವತ್ತ ಯಾರದ್ ಬಡ್ಡೇ ಐತ್ರಿ?"

"ಒಬ್ಬ ಹುಡುಗಂದು ಮಾರಾಯ. ಬರ್ತಾನೆ."

"ಅವಂಗ ಹಸಿವ ಆಗೂದಿಲ್ಲೇನ್ರಿ?"

ನಾನು ಎದ್ದೆ. ಗಿರಿಜಕ್ಕನ ಕೈಯಿಂದ ಸೌಟು ತೆಗೆದುಕೊಂಡು ಮೊದಲ ಎಲೆಯಿಂದ ಬಡಿಸುತ್ತಾ ಹೋದೆ. ಮೇಡಂ ಓಡಿ ಬಂದರು.

"ನೀವು ಅಬ್ಸರ್ವ್ ಮಾತ್ರ ಮಾಡಬೇಕು, ಅಲ್ವಾ?"

"ಮಾಡಿದೆ ಮೇಡಂ. ಮಕ್ಕಳಿಗೆ ಹಸಿವಾಗಿದೆ. ಬರ್ಕೊಳ್ಳಿ."

ಅವರು ಬರೆದುಕೊಳ್ಳಲಿಲ್ಲ. ಘನತೆಯ ಪಾಠ ಮಾಡಿದವರೂ ಇವರೇ ಎಂಬುದನ್ನು ನಿಮಗೆ ಹೇಳಲು ಮರೆತೆ.

ದಾನಿಗಳು ಬಂದಾಗ ಮಕ್ಕಳು ಕೈ ತೊಳೆಯುತ್ತಿದ್ದರು. ದಾನಿ ಯಜಮಾನರ ಮುಖ ಪಾಯಸಕ್ಕಿಂತ ಮೊದಲೇ ಹುಳಿಯಾಯಿತು. ಮುಂದೇನಾಯಿತು ಗೊತ್ತೇ? ಹೊಸ ಎಲೆ ಹಾಕಿಸಿದರು! ಉಂಡ ಮಕ್ಕಳನ್ನು ಮತ್ತೆ ಕೂರಿಸಿ, ಒಂದೊಂದು ತುತ್ತು ಬಡಿಸಿ, ಬಾಯಿಯ ಹತ್ತಿರ ಕೈ ಹಿಡಿಯಲು ಹೇಳಿ ಡಿಜಿಟಲ್ ಕ್ಯಾಮೆರಾ ಒತ್ತಿದರು. ತೇಗುವವರಿಗೆ ಹಸಿದಂತೆ ಕಾಣಲು ಕಲಿಸುವುದು ಯಾವ ಕೋರ್ಸಿನಲ್ಲಿ ಬರುತ್ತದೋ? ಹುಟ್ಟುಹಬ್ಬದ ಹುಡುಗ ಪಾಯಸಕ್ಕೆ ಕೈ ಚಾಚಿದ. ಅಮ್ಮ ಎಳೆದುಕೊಂಡಳು. "ಇಲ್ಲಿ ಬೇಡ ಪುಟ್ಟ, ಮಣಿಪಾಲದಲ್ಲಿ ಟೇಬಲ್ ಬುಕ್ ಆಗಿದೆ."

ಹ್ಯಾಪಿ ಬರ್ತ್‌ಡೇ ಎಲ್ಲರಿಗಿಂತ ಜೋರಾಗಿ ಹಾಡಿದವನು ಯಲ್ಲಪ್ಪ. ಹೊಟ್ಟೆ ತುಂಬಿದರೆ ಸ್ವರ ತಾನಾಗಿ ಬರುತ್ತದೆ.

ಓದುತ್ತಿರುವ ನಿಮ್ಮಲ್ಲೂ ಕೆಲವರು ಇಂಥ ಊಟ ಹಾಕಿಸಿದ್ದೀರಿ, ನನಗೆ ಗೊತ್ತು. ಹಾಕಿಸಿ, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಮನೆಯ ಮಗುವನ್ನು ಎಲೆಯ ಮುಂದೆ ಕೂರಿಸಿ, ನೆರೆಮನೆಯವನು ಕ್ಯಾಮೆರಾ ತರುವವರೆಗೆ ಕಾಯಿಸುತ್ತೀರಾ?

ಸಂಜೆ ಮೇಡಂ ಕರೆದರು. ದನಿ ಮೆತ್ತಗಿತ್ತು. "ನೀವು ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದ್ರೆ ಅಬ್ಸರ್ವೇಶನ್ ಫೇಲ್. ಮೊದಲಿಂದ ಮಾಡಬೇಕು. ಇನ್ನೊಮ್ಮೆ ಹೀಗಾದ್ರೆ ಸರ್ಟಿಫಿಕೇಟ್ ಸಿಗುವುದಿಲ್ಲ."

ತಪ್ಪಲ್ಲ, ಆದರೆ ಫೇಲ್! ಏಳನೇ ಕ್ಲಾಸಿನಲ್ಲೂ ನನ್ನನ್ನು ಇಷ್ಟು ಚೆನ್ನಾಗಿ ಯಾರೂ ಫೇಲ್ ಮಾಡಿರಲಿಲ್ಲ.

ಹಾಗಾಗಿ ನಾಳೆ ಮತ್ತೆ ಕಾಪುವಿಗೆ, ಮತ್ತೆ ಅದೇ ಕುರ್ಚಿಗೆ. ಬರುವ ಭಾನುವಾರ ಇನ್ಯಾರದೋ ಹುಟ್ಟುಹಬ್ಬವಂತೆ, ಸೌಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಲು ಆರ್ಡರ್ ಆಗಿದೆಯಂತೆ.

ಬೀಗದ ಕೈ ಎಲ್ಲಿಡುತ್ತಾರೆಂದು ನಾನು ಆಗಲೇ ಅಬ್ಸರ್ವ್ ಮಾಡಿಯಾಗಿದೆ.