ಮೆಚೋಗಾಗಿ ಇನ್ನೊಂದು ಸಹಿ

ವೆಲಿಚ್ಕಾ ಚಿಕ್ಕಮ್ಮ ನಮ್ಮ ಬೀದಿನಾಯಿಗಳ ಆಶ್ರಯಕ್ಕೆ ಮೊದಲ ಸಲ ಬಂದದ್ದು ನಾಯಿ ಬೇಕೆಂದಲ್ಲ. ತೀರಿಹೋದ ಅಕ್ಕನ ಉಣ್ಣೆಯ ಕಂಬಳಿಗಳನ್ನು ಕೊಟ್ಟುಹೋಗಲು. ನನಗೆ ಸಂಬಂಧಿಯಲ್ಲ, ವಯಸ್ಸಿನ ಗೌರವಕ್ಕೆ ಚಿಕ್ಕಮ್ಮ ಎನ್ನುತ್ತೇನೆ. ಅವರಿಗಾಗ ಎಪ್ಪತ್ತಮೂರು. ಮದುವೆಯಾಗಿರಲಿಲ್ಲ. ನಮ್ಮೂರು ರೂಸೆಯ ಬಂದರಿನಲ್ಲಿ ಇಪ್ಪತ್ತೆಂಟು ವರ್ಷ ಕ್ರೇನ್ ನಡೆಸಿದವರು. ಯಂತ್ರದ ಸದ್ದಿಗೆ ಒಂದು ಕಿವಿ ಮಂದವಾಗಿತ್ತು. ಆಶ್ರಯದಲ್ಲಿ ನಾಯಿಗಳ ಊಟ, ಮದ್ದು ನೋಡಿಕೊಳ್ಳುವವಳು ನಾನು. ಕಂಬಳಿಗಳನ್ನು ಒಳಗಿಟ್ಟು ಬರುವಷ್ಟರಲ್ಲಿ ಅವರು ಕೊನೆಯ ಗೂಡಿನ ಮುಂದೆ ನಿಂತುಬಿಟ್ಟಿದ್ದರು.

"ಇದಕ್ಯಾಕೆ ಹೀಗೆ ಕೆಮ್ಮು?"

"ವಯಸ್ಸು, ಚಿಕ್ಕಮ್ಮ. ಹದಿಮೂರಾಯ್ತು. ಮೆಚೋ ಅಂತ ಹೆಸರು. ಇಲ್ಲಿಗೆ ಬಂದು ಆರು ವರ್ಷ."

"ಚಳಿಗಾಲ ತಡೆಯುತ್ತಾ?"

ಹಿಂದಿನ ವರ್ಷ ಮೊದಲ ಹಿಮ ಬಿದ್ದ ವಾರದಲ್ಲೇ ಮೂರು ಮುದಿ ನಾಯಿಗಳು ಹೋಗಿದ್ದವು. ಮರಿ ಬೇಕೆಂದು ಜನ ಬರುತ್ತಾರೆ. ಹಿಂಗಾಲು ನಡುಗುವ, ಕಣ್ಣಿಗೆ ಪೊರೆ ಬಂದ ನಾಯಿಯನ್ನು ಕೇಳುವವರಿಲ್ಲ.

ಮೂರು ದಿನ ಬಿಟ್ಟು ಮತ್ತೆ ಬಂದರು. ಮೆಚೋನನ್ನು ಮನೆಗೆ ಕರೆದೊಯ್ಯುತ್ತೇನೆ ಎಂದರು. ನಮ್ಮ ನಿಯಮವನ್ನು ನಾನೇ ಹೇಳಬೇಕಾಯಿತು: ಎಪ್ಪತ್ತು ದಾಟಿದವರಿಗೆ ನಾಯಿ ಕೊಡಬೇಕಾದರೆ, ಅವರಿಗೇನಾದರೂ ಆದಲ್ಲಿ ತಾನು ಸಾಕುತ್ತೇನೆಂದು ಇನ್ನೊಬ್ಬರು ಸಹಿ ಹಾಕಬೇಕು.

"ಅಂದ್ರೆ ನಾನು ಸಾಯ್ತೀನಿ ಅಂತ ಬರೆದುಕೊಡ್ಬೇಕು."

"ಸಾಯೋದು ಅಂತಲ್ಲ, ಚಿಕ್ಕಮ್ಮ. ಆಸ್ಪತ್ರೆ ಸೇರಿದ್ರೂ..."

"ಗೊತ್ತಾಯ್ತು ಬಿಡು. ಮಾತಿಗೆ ಬೆಣ್ಣೆ ಹಚ್ಬೇಡ."

ಅಕ್ಟೋಬರ್ ಮುಗಿಯುತ್ತಿತ್ತು. ಆ ಕಾಗದ ಅವರ ನೆಮ್ಮದಿ ಕೆಡಿಸಿತು. ವರ್ನಾ ನಗರದಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದರೆ, ತನ್ನ ಮಗುವಿಗೆ ನಾಯಿಯ ಕೂದಲು ಆಗಿಬರುವುದಿಲ್ಲ ಎಂದ. ಬಂದರಿನ ಗೆಳತಿ ಸೊಂಟ ಮುರಿದುಕೊಂಡು ಮಲಗಿದ್ದಳು. ಉಳಿದವರು ಒಬ್ಬರೇ, ಚಿಕ್ಕಮ್ಮನದೇ ಕಟ್ಟಡದ ನೆಲಮಹಡಿಯ ಮಿಂಕೋ. ಅವರೊಡನೆ ಏಳು ವರ್ಷದಿಂದ ಮಾತಿರಲಿಲ್ಲ. ಚಿಕ್ಕಮ್ಮ ಕಟ್ಟಡದ ಮುಂದೆ ನೆಟ್ಟು ಬೆಳೆಸಿದ್ದ ಅಂಜೂರದ ಮರವನ್ನು, ಕಿಟಕಿಗೆ ಬೆಳಕು ಬರುವುದಿಲ್ಲವೆಂದು, ಹೇಳದೆ ಕೇಳದೆ ಕಡಿದುಹಾಕಿದ್ದ ಮನುಷ್ಯ.

ಚಿಕ್ಕಮ್ಮ ಎರಡು ದಿನ ಅವರ ಬಾಗಿಲವರೆಗೆ ಹೋಗಿ, ಗಂಟೆ ಒತ್ತಲು ಕೈಯೆತ್ತಿ, ಹಾಗೇ ಹಿಂದಿರುಗಿದರಂತೆ. ಬೆಳಿಗ್ಗೆ ಎದ್ದೊಡನೆ ನೋಡುತ್ತಿದ್ದದ್ದು ಕಿಟಕಿಯಾಚೆ ತೂಗುಹಾಕಿದ್ದ ಥರ್ಮಾಮೀಟರನ್ನು. ಆರು ಡಿಗ್ರಿ ಇತ್ತು, ನಾಲ್ಕಾಯಿತು. ಎರಡಕ್ಕೆ ಇಳಿದ ದಿನ ಮತ್ತೆ ಮೆಟ್ಟಿಲಿಳಿದರು. ಗಂಟೆ ಒತ್ತುವ ಮೊದಲೇ ಬಾಗಿಲು ತೆರೆಯಿತು.

"ಮೂರು ದಿನದಿಂದ ನನ್ನ ಬಾಗಿಲ ಮುಂದೆ ಏದುಸಿರು ಬಿಡ್ತಿದ್ದೀಯಲ್ಲ, ಕದಿಯೋಕೆ ಬಂದಿದ್ದೀಯಾ?" ಎಂದರು ಮಿಂಕೋ.

"ನಿನ್ನ ಮನೇಲಿ ಕದಿಯೋಕೆ ಏನಿದೆ? ಒಂದು ಸಹಿ ಬೇಕು."

ಮಿಂಕೋ ಕನ್ನಡಕ ಹುಡುಕಿ ತಂದು, ಹೊಸ್ತಿಲಲ್ಲೇ ನಿಂತು ಪೂರ್ತಿ ಓದಿದರು.

"ಅಂದ್ರೆ ನೀನು ಹೋದ್ರೆ ನಾಯಿ ನನ್ನ ತಲೆಗೆ."

"ಹೌದು."

"ಆ ಅಂಜೂರದ ವಿಷಯಕ್ಕೆ ನಾನು ಕ್ಷಮೆ ಕೇಳಲ್ಲ."

"ನಾನೂ ಕ್ಷಮಿಸಲ್ಲ. ಸಹಿ ಹಾಕು."

ಹಾಕಿದರು. ಆದರೆ ಕಾಗದ ಆಶ್ರಯಕ್ಕೆ ಬಂದಾಗ ಅದರಲ್ಲಿ ಹುಟ್ಟಿದ ವರ್ಷ ನೋಡಿದೆ. ಮಿಂಕೋಗೆ ಎಪ್ಪತ್ತಾರು. ಮುದುಕಿಗೆ ಮುದುಕ ಜಾಮೀನಾದರೆ ಹೇಗೆ ಎಂದರು ನಮ್ಮ ನಿರ್ದೇಶಕಿ. ಅವರು ಮೆಲ್ಲಗೆ ಮಾತಾಡುವವರು. ಚಿಕ್ಕಮ್ಮ ಕುರ್ಚಿಯ ಅಂಚಿನಲ್ಲಿ ಕೂತು, "ಏನಂದ್ರು? ಆಗಲ್ಲ ಅಂದ್ರಾ?" ಎಂದು ನನ್ನನ್ನೇ ಕೇಳುತ್ತಿದ್ದರು. ಹೊರಗೆ ಮೆಚೋ ಕೆಮ್ಮುತ್ತಿತ್ತು. ನನಗೆ ನಲವತ್ತೊಂದು ವರ್ಷ. ಮನೆಯಲ್ಲಿ ಆಗಲೇ ನಾಲ್ಕು ನಾಯಿಗಳಿದ್ದವು. ಇನ್ನೊಂದು ತಂದರೆ ತಾನು ಕಾರಿನಲ್ಲಿ ಮಲಗುವುದಾಗಿ ಗಂಡ ಹೇಳಿದ್ದ. ಮಿಂಕೋ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ. ಗಂಡನಿಗೆ ಒಂದು ವಾರ ಕಳೆದ ಮೇಲೆ ಹೇಳಿದೆ.

ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ಚಿಕ್ಕಮ್ಮನ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನಾಯಿಯ ತೂಕ ಇಪ್ಪತ್ತೆರಡು ಕಿಲೋ. ಕಾರಿನಿಂದ ಇಳಿಸಿದರೆ ಮೆಚೋ ಮೊದಲ ಮೆಟ್ಟಿಲ ಮುಂದೆ ನಡುಗುತ್ತ ನಿಂತಿತು. ನಾವಿಬ್ಬರೂ ಹೊತ್ತುಕೊಂಡು ಹತ್ತಿಸಿದೆವು. ಎರಡು ದಿನ ಅದು ಏನನ್ನೂ ಮುಟ್ಟಲಿಲ್ಲ, ಬೇಯಿಸಿದ ಕೋಳಿಯನ್ನೂ ಇಲ್ಲ, ಮೊಸರನ್ನೂ ಇಲ್ಲ. ಗಂಟೆಗೊಮ್ಮೆ ಫೋನ್ ಬರುತ್ತಿತ್ತು.

"ನೀರೂ ಕುಡೀತಿಲ್ಲ ಕಣೆ. ಅಲ್ಲೇ ಇದ್ದಿದ್ರೆ ಬದುಕ್ತಿತ್ತೇನೋ. ನಾನೇ ತಂದು ಕೊಂದ ಹಾಗಾಯ್ತು."

ಮೂರನೆಯ ದಿನ ಬೆಳಿಗ್ಗೆ ಅದನ್ನು ಎತ್ತಿಕೊಂಡು ಇಳಿಯುವಾಗ ಚಿಕ್ಕಮ್ಮನ ಮಂಡಿ ಕೈಕೊಟ್ಟಿತು. ನಾಯಿಯನ್ನು ತಬ್ಬಿಕೊಂಡು ಮೆಟ್ಟಿಲ ಮೇಲೆ ಕೂತವರಿಗೆ ಏಳಲಾಗಲಿಲ್ಲ. ಕೈ ಬಿಟ್ಟರೆ ನಾಯಿ ಉರುಳುತ್ತದೆಂಬ ಭಯ. ಕೊನೆಗೆ ಕೂಗಿದರು. ಮಿಂಕೋ ಕೈಗಂಬಿ ಹಿಡಿದು ಹತ್ತಿ ಬಂದರು.

"ಆ ಸಹಿ ನಿನ್ನ ಕಾಲ ಮುಗಿದ ಮೇಲಕ್ಕಲ್ವಾ? ಮೊದಲ ವಾರಕ್ಕೇ ಕರೀತಿದ್ದೀಯಲ್ಲ."

ಇಬ್ಬರೂ ಸೇರಿ ಮೆಚೋನನ್ನು ಮಿಂಕೋ ಮನೆಯೊಳಗೆ ತಂದು ಮಲಗಿಸಿದರು. ಒಲೆಯ ಮೇಲೆ ಹುರುಳಿಕಾಯಿ ಬೀಜದ ಸಾರು ಕುದಿಯುತ್ತಿತ್ತು. ಮೆಚೋ ತಲೆಯೆತ್ತಿ ಮೂಸಿತು. ಮಿಂಕೋ ಅದರಲ್ಲಿ ರೊಟ್ಟಿ ನೆನೆಸಿ, ಆರಿಸಿ ಮುಂದಿಟ್ಟರು. ತಟ್ಟೆ ಖಾಲಿಯಾಯಿತು. ಚಿಕ್ಕಮ್ಮನಿಗೆ ಅಳು ಬಂತು. ಮಂಡಿನೋವಿಗೆ ಅಳು ಬಂತು ಎಂದರು.

ಅಂದಿನಿಂದ ಮೆಚೋ ಇರುವುದು ಕೆಳಗೇ. ಚಿಕ್ಕಮ್ಮ ಬೆಳಿಗ್ಗೆ ಆರಕ್ಕೆ ಇಳಿದು ಬಂದರೆ ಸಂಜೆ ಕತ್ತಲಾದ ನಂತರವೇ ಮೇಲೆ ಹೋಗುವುದು. ನಾಯಿ ತನ್ನದು ಎಂದು ಅವರು, ಮನೆ ತನ್ನದು ಎಂದು ಇವರು. ಅಂಜೂರದ ಮಾತನ್ನು ಯಾರೂ ಎತ್ತುವುದಿಲ್ಲ.

ಈಗ ಎರಡು ಚಳಿಗಾಲ ದಾಟಿವೆ. ಮೆಚೋಗೆ ಹದಿನೈದು. ಚಿಕ್ಕಮ್ಮನ ದಿಗಿಲು ಮಾತ್ರ ಕಡಿಮೆಯಾಗಿಲ್ಲ. ಮಲಗಿದ ನಾಯಿಯ ಪಕ್ಕೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತಾರೆ. ಮೊನ್ನೆಯೂ ಫೋನ್ ಮಾಡಿದ್ದರು.

"ನಿದ್ದೇಲಿ ಕಾಲು ಒದರ್ತಿದೆ. ಏನಾದ್ರೂ ಆಗ್ತಿದೆಯಾ?"

"ಕನಸು ಬಿದ್ದಿರುತ್ತೆ, ಚಿಕ್ಕಮ್ಮ."

ಹಿಂದಿನಿಂದ ಮಿಂಕೋ ದನಿ ಕೇಳಿತು: "ಅದನ್ನ ಮಲಗೋಕೆ ಬಿಡು ಅಂತ ಹೇಳು ಅವಳಿಗೆ."

"ನೀನು ಸುಮ್ನಿರು," ಎಂದು ಅತ್ತ ಗದರಿ, ಚಿಕ್ಕಮ್ಮ ದನಿ ತಗ್ಗಿಸಿದರು. "ಆದ್ರೂ ಒಂದ್ಸಲ ಬಂದು ನೋಡ್ತೀಯಾ?"

ಕೆಲಸ ಮುಗಿಸಿ, ಔಷಧದ ಚೀಲ ಹಿಡಿದು ಹೋದೆ. ಮೆಚೋ ಗೊರಕೆ ಹೊಡೆಯುತ್ತಿತ್ತು. ಇಬ್ಬರೂ ಎರಡು ಕಡೆ ಕೂತು ಅದನ್ನೇ ನೋಡುತ್ತಿದ್ದರು.