ಎಡಗೈಯಲ್ಲಿ ನಾದಿದ ಹಿಟ್ಟು

ನನ್ನ ಗಂಡನ ಬಲಗೈ ಹೋದದ್ದು ಗಣಿಯೊಳಗೆ. ಅಷ್ಟು ಆಳದಲ್ಲಿ ಬಂಡೆ ತಾನಾಗಿಯೇ ಸಿಡಿಯುವುದುಂಟು. ಯಾವಾಗ, ಎಲ್ಲಿ ಎಂದು ಯಾರಿಗೂ ತಿಳಿಯುವುದಿಲ್ಲ. ನಾವಾಗ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯವರು ಕೆಲಸಗಾರರಿಗೆ ಕೊಡುವ ಲೈನ್ ಮನೆಯಲ್ಲಿದ್ದೆವು. ಕೆಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಅಡುಗೆಮನೆಯ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಅವತ್ತೂ ಅಂದವು. ನಾನು ಮೆಣಸಿನಕಾಯಿ ಹುರಿಯುತ್ತಿದ್ದೆ. ಕೇಳಿ ಕೇಳಿ ಅಭ್ಯಾಸವಾಗಿದ್ದ ಸದ್ದು, ಹಾಗಾಗಿ ಕೈ ನಿಲ್ಲಿಸಲಿಲ್ಲ. ಮಧ್ಯಾಹ್ನ ಪಕ್ಕದ ಮನೆಯಾಕೆ ಓಡಿ ಬಂದು ಆಸ್ಪತ್ರೆಗೆ ನಡಿ ಎಂದಾಗಲೇ ಗೊತ್ತಾದದ್ದು.

ಜೀವ ಉಳಿಯಿತು. ಬಲಗೈಯಲ್ಲಿ ಹೆಬ್ಬೆರಳು ಮತ್ತು ಅಂಗೈಯ ಅರ್ಧ ಭಾಗ ಉಳಿಯಿತು. ಇನ್ನು ಕೆಳಗಿಳಿಯುವ ಕೆಲಸ ಆಗುವುದಿಲ್ಲ ಎಂದರು ಗಣಿಯವರು. ಕೆಲಸವಿಲ್ಲದವರಿಗೆ ಲೈನ್ ಮನೆಯೂ ಇಲ್ಲ. ಪಾತ್ರೆ, ಚಾಪೆ, ಒಂದು ಟ್ರಂಕು ಕಟ್ಟಿಕೊಂಡು ರೈಲಿನಲ್ಲಿ ಬಂಗಾರಪೇಟೆಗೆ ಬಂದೆವು. ಊರಿನ ಅಂಚಿನಲ್ಲಿ ನಮ್ಮತ್ತೆ ಒಂದು ಎಮ್ಮೆ ಇಟ್ಟುಕೊಂಡು ಒಬ್ಬರೇ ಇದ್ದರು. ಮಗನ ಕೈ ನೋಡಿ ಅಳಲಿಲ್ಲ. ಸೆರಗಿನಿಂದ ಅದನ್ನು ಮುಚ್ಚಿ ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತಿದ್ದರು.

ನೋವಿಗಿಂತ ಊಟದ ಹೊತ್ತೇ ನನ್ನ ಗಂಡನಿಗೆ ಕಷ್ಟವಾಗಿತ್ತು. ಎಡಗೈಯಲ್ಲಿ ತಿನ್ನಬೇಕು. ನಮ್ಮಲ್ಲಿ ಎಡಗೈಯನ್ನು ತಟ್ಟೆಯ ಹತ್ತಿರಕ್ಕೂ ತರುವುದಿಲ್ಲ. ನಾನು ತುತ್ತು ಮಾಡಿಕೊಡುತ್ತೇನೆ ಎಂದರೆ ಮುಖ ತಿರುಗಿಸುತ್ತಿದ್ದರು. ಕೊನೆಗೆ ಗೋಡೆಗೆ ಮುಖ ಮಾಡಿ, ನಮಗೆಲ್ಲ ಬೆನ್ನು ಕೊಟ್ಟು ಕೂತು, ಮುದ್ದೆಯನ್ನು ಎಡಗೈಯಲ್ಲಿ ಮುರಿದು ನುಂಗುವುದನ್ನು ರೂಢಿ ಮಾಡಿಕೊಂಡರು. ಆ ಬೆನ್ನನ್ನು ನೋಡುತ್ತಾ ನಾನೂ ಅತ್ತೆಯೂ ಉಣ್ಣುತ್ತಿದ್ದೆವು. ಹಾಗೇ ಒಂದು ಬೇಸಿಗೆ ಕಳೆಯಿತು.

ಒಂದು ಬೆಳಗ್ಗೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದವರು ಇದ್ದಕ್ಕಿದ್ದಂತೆ ಅಂದರು:

"ಬ್ರೆಡ್ಡು ಮಾಡ್ಬೇಕು ಕಣೇ."

"ಯಾರು?"

"ನಾನು."

ನಾನು ಅವರ ಮುಖ ನೋಡಿದೆ. ಆ ಕಾಲಕ್ಕೆ ನಮ್ಮ ಕಡೆ ಬ್ರೆಡ್ಡು ಎಂದರೆ ಗಣಿ ಬಂಗಲೆಯ ಇಂಗ್ಲಿಷ್ ದೊರೆಗಳ ತಿಂಡಿ, ಇಲ್ಲವೇ ಜ್ವರ ಬಂದವರ ಪಥ್ಯ. ಅದು ಬೆಂಗಳೂರಿನಿಂದ ಬರುತ್ತಿತ್ತು. ನಮ್ಮ ಪೇಟೆ ತಲುಪುವ ಹೊತ್ತಿಗೆ ಒಣಗಿರುತ್ತಿತ್ತು.

"ಆಸ್ಪತ್ರೇಲಿ ಕೊಡೋರಲ್ಲ, ಲೋಟದಾಗೆ ಆಲು, ಜತೆಗೆ ಬ್ರೆಡ್ಡು," ಎಂದರು. "ಅದನ್ನ ಕಲಸಂಗಿಲ್ಲ, ಉಂಡೆ ಕಟ್ಟಂಗಿಲ್ಲ. ಅದ್ದೋದು, ತಿನ್ನೋದು. ಅಲ್ಲಿದ್ದಷ್ಟು ದಿನ ಅದೊಂದನ್ನೇ ನಾನು ನಾಚಿಕೆ ಇಲ್ದೆ ತಿಂದಿದ್ದು."

ಮೈದಾ ಎಲ್ಲಿ ಸಿಗುತ್ತದೆಂದು ಮಾರನೆಯ ದಿನವೇ ಪೇಟೆಯಲ್ಲಿ ವಿಚಾರಿಸಿದೆ.

ಲೈನಿನಲ್ಲಿ ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬ ತಮಿಳು ತಾತ ಇದ್ದರು. ಒಂದು ಬಂಗಲೆಯಲ್ಲಿ ಬಹಳ ಕಾಲ ಅಡುಗೆ ಮಾಡಿ, ವಯಸ್ಸಾದ ಮೇಲೆ ಬಿಟ್ಟಿದ್ದವರು. ಹೇಳಿ ಕಳಿಸಿದ್ದಕ್ಕೆ ರೈಲು ಹತ್ತಿ ಬಂದೇಬಿಟ್ಟರು. ಹಿತ್ತಲಲ್ಲಿ ಇಟ್ಟಿಗೆ, ಜೇಡಿಮಣ್ಣು ಸೇರಿಸಿ ಗುಮ್ಮಟದಂತೆ ಒಂದು ಒಲೆ ಕಟ್ಟಿಸಿದರು. ಒಳಗೆ ಸೌದೆ ಉರಿಸಿ, ಕೆಂಡ ಎಳೆದು ಹಾಕಿ, ಆ ಕಾವಿನಲ್ಲೇ ಬೇಯಿಸಬೇಕು. ಇಷ್ಟಕ್ಕೆ ಅತ್ತೆ ಕೂತಲ್ಲೇ ಮಣ್ಣು ಕಲಸಿ ಕೊಟ್ಟರು. ತಾತ ಮುಂದಿನ ಮಾತು ಹೇಳಿದಾಗ ಎದ್ದು ನಿಂತರು.

"ಕಳ್ಳು ಬೇಕು ತಂಬಿ. ಈಚಲ ಕಳ್ಳು. ಅದು ಇಲ್ದೆ ಹಿಟ್ಟು ಉಬ್ಬಿ ಏಳಲ್ಲ."

"ಇವತ್ತಿನಗಂಟ ನಮ್ ಒಸ್ಲು ದಾಟಿ ಎಂಡ ಒಳಕ್ ಬಂದಿಲ್ಲ," ಎಂದರು ಅತ್ತೆ.

"ಒಳಕ್ ತರಲ್ಲ ಕಣಮ್ಮ," ಎಂದರು ನನ್ನ ಗಂಡ. "ಕೊಟ್ಗೇನಾಗೆ ಇಡ್ತೀನಿ."

"ಎಮ್ಮೆ ಕುಡಿದ್ರೆ?"

ತಾತ ನಕ್ಕುಬಿಟ್ಟರು. ಅತ್ತೆ ನಗಲಿಲ್ಲ. ಆದರೆ ಮಾರನೆಯ ದಿನ ಕಳ್ಳಿನ ಮಡಕೆಯನ್ನು ಎಮ್ಮೆಗೆ ಎಟುಕದ ಹಾಗೆ ಮೇಲಿನ ಗೂಟಕ್ಕೆ ನೇತುಹಾಕಿದ್ದವರು ಅವರೇ.

ಮೊದಲ ಸಲ ಬ್ರೆಡ್ಡು ಮೇಲೆಲ್ಲ ಕರಿದಾಗಿ ಒಳಗೆ ಹಸಿ ಹಿಟ್ಟಾಗಿಯೇ ಇತ್ತು. ಎರಡನೆಯ ಸಲ, ಮಣ್ಣು ಪೂರ್ತಿ ಒಣಗುವ ಮೊದಲೇ ಮತ್ತೆ ಬೆಂಕಿ ಹಾಕಿದ್ದರಿಂದ, ಒಲೆಯ ಗುಮ್ಮಟ ಬಿರುಕು ಬಿಟ್ಟು ಅರ್ಧ ಕುಸಿಯಿತು. ಮತ್ತೆ ಕಟ್ಟಿದೆವು. ಕಳ್ಳು ಹಳೆಯದಾದರೆ ಬ್ರೆಡ್ಡು ಹುಣಿಸೆಹಣ್ಣಿನಂತೆ ಹುಳಿ. ಹೊಸದಾದರೆ ಹಿಟ್ಟು ಏಳುತ್ತಲೇ ಇರಲಿಲ್ಲ. ಕಲ್ಲಿನಂತಾದ ಬ್ರೆಡ್ಡನ್ನು ನೆನೆಸಿ ಎಮ್ಮೆಗೆ ಇಟ್ಟರೆ ಅದು ಮೂಸಿ ನಮ್ಮ ಕಡೆ ನೋಡುತ್ತಿತ್ತು. ತಾತನಿಗೂ ಕೈ ಹತ್ತಲಿಲ್ಲ.

"ಬಂಗ್ಲೇಲಿ ಇರುಂಬು ಒಲೆ, ಕಬ್ಬಿಣದ್ದು. ಇದು ಮಣ್ಣು. ಇದರ ಗುಣ ನನಗೆ ಗೊತ್ತಿಲ್ಲ ತಂಬಿ, ನೀನೇ ಕಂಡುಕೋ," ಎಂದು ಹೇಳಿ ರೈಲು ಹತ್ತಿ ಹೋದರು. ಗೊತ್ತಿಲ್ಲ ಎಂದು ಒಪ್ಪಿಕೊಂಡು ಹೋದ ಆ ಮನುಷ್ಯನ ಮೇಲೆ ನನಗೆ ಆಗ ಸಿಟ್ಟು ಬಂದಿತ್ತು. ಈಗ ಗೌರವವಿದೆ.

ಆಮೇಲೆ ಒಂದು ದಿನ, ಏಕೆಂದು ತಿಳಿಯದೆ, ಬ್ರೆಡ್ಡು ಸೊಗಸಾಗಿ ಬಂತು. ಕಂದು ಬಣ್ಣ, ಒತ್ತಿದರೆ ಮೆತ್ತಗೆ ಒಳಗೆ ಹೋಗಿ ಮತ್ತೆ ಮೇಲೇಳುತ್ತಿತ್ತು. ಮೂವರೂ ಹಿತ್ತಲಲ್ಲೇ ನಿಂತು ಬಿಸಿಬಿಸಿ ತಿಂದೆವು. ಹೆಂಡವೆಂದು ಮೂಗು ಮುರಿದಿದ್ದ ಅತ್ತೆ ಇನ್ನೊಂದು ತುಂಡು ಕೇಳಿದರು. ಮಾರನೆಯ ದಿನ ಅದೇ ಹಿಟ್ಟು, ಅದೇ ಸೌದೆ, ಬ್ರೆಡ್ಡು ಮತ್ತೆ ಕಲ್ಲು. ಕೆಟ್ಟ ದಿನಗಳಿಗಿಂತ ಆ ಒಂದು ಒಳ್ಳೆಯ ದಿನವೇ ನಮ್ಮನ್ನು ಹೆಚ್ಚು ಕಾಡಿತು. ಕೆಟ್ಟದ್ದಕ್ಕೆ ಒಂದು ಕಾರಣವಾದರೂ ಹೇಳಿಕೊಳ್ಳಬಹುದಿತ್ತು.

ಮಳೆ ಹಿಡಿಯಿತು. ಸೌದೆ ಒದ್ದೆಯಾಗಿ ಹಿತ್ತಲೆಲ್ಲ ಹೊಗೆ. ಒಂದು ಮಧ್ಯಾಹ್ನ, ಹಾಳಾದ ಬ್ರೆಡ್ಡನ್ನು ಒಲೆಯಿಂದ ಕೆದಕಿ ತೆಗೆಯುತ್ತಾ ನನಗೆ ತಡೆಯಲಾಗಲಿಲ್ಲ.

"ಸಾಕು ಬುಡಿ. ಬ್ಯಾರೆ ಏನಾರ ನೋಡುವ. ಇದು ನಮ್ ಕೈಲಿ ಆಗೋ ಕೆಲ್ಸ ಅಲ್ಲ."

ಕೈ ಎಂಬ ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಕೋಪಿಸಿಕೊಳ್ಳಲಿಲ್ಲ. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನಿಧಾನವಾಗಿ ಹೇಳಿದರು:

"ಇದು ಕೆಟ್ರೆ ನಾಳೆ ಇನ್ನೊಂದ್ಸಲ ಮಾಡ್ಬೋದು ಕಣೇ. ನಾಡಿದ್ದೂ ಮಾಡ್ಬೋದು. ನನ್ ಬೆರಳು ಓಗಿದ್ದು ಅಂಗಲ್ಲ. ಇನ್ನೊಂದ್ಸಲ ನೋಡುವಾ ಅನ್ನೋದು ಅದರಲ್ಲಿಲ್ಲ. ಇದರಲ್ಲಿ ಐತೆ. ಅದಕ್ಕೇ ಇದು ನಂಗೆ ಬೇಕು."

ಅವರ ಹಟವನ್ನು ಅಲ್ಲಿಯವರೆಗೆ ನಾನು ಮೊಂಡುತನ ಎಂದುಕೊಂಡಿದ್ದೆ. ಮತ್ತೆ ಮಾಡಲು ಬರುವ ಸೋಲು ಅವರಿಗೆ ಒಂದು ಸಮಾಧಾನವಾಗಿತ್ತು ಎಂದು ಆಗ ತಿಳಿಯಿತು. ಮುಂದೆ ನಾನು ಬೇಡ ಎನ್ನಲಿಲ್ಲ.

ಅವತ್ತಿನಿಂದ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡತೊಡಗಿದೆವು. ಕಳ್ಳು ಅದೇ ಇಟ್ಟು ಕಾವು ಬೇರೆ ಮಾಡಿದೆವು. ಆಮೇಲೆ ಕಾವು ಅದೇ ಇಟ್ಟು ಹಿಟ್ಟನ್ನು ಇನ್ನಷ್ಟು ಹೊತ್ತು ಬಿಟ್ಟೆವು. ಒಲೆಯ ನೆಲಕ್ಕೆ ಚಿಟಿಕೆ ಹಿಟ್ಟು ಎಸೆದು ಅದು ಕಪ್ಪಾಗುವುದೋ ಕೆಂಪಾಗುವುದೋ ನೋಡುವುದನ್ನು ಕಂಡುಕೊಂಡೆವು. ನಾದುವುದನ್ನು ಅವರು ನನಗೆ ಬಿಡುತ್ತಿರಲಿಲ್ಲ. ಎಡಗೈ ಮುಷ್ಟಿಯಿಂದ ಗುದ್ದಿ, ಬಲಗೈಯ ಮಣಿಕಟ್ಟಿನಿಂದ ಹಿಟ್ಟನ್ನು ಮಡಚಿ ತಿರುಗಿಸುತ್ತಿದ್ದರು. ಮೊದಮೊದಲು ಮಾಸಿದ ಗಾಯ ಬಿರಿದು, ಬಟ್ಟೆ ಸುತ್ತಿಕೊಳ್ಳಬೇಕಾಗುತ್ತಿತ್ತು. ಚಳಿ ಶುರುವಾಗುವ ಹೊತ್ತಿಗೆ ಬ್ರೆಡ್ಡು ಹೆಚ್ಚು ದಿನ ಸರಿಯಾಗಿ, ಅಪರೂಪಕ್ಕೊಮ್ಮೆ ಕೆಟ್ಟು ಬರತೊಡಗಿತು.

ನನ್ನ ಗಂಡ ಅದನ್ನು ಬುಟ್ಟಿಯಲ್ಲಿಟ್ಟು, ಬಿಳಿ ಬಟ್ಟೆ ಮುಚ್ಚಿ ಮಾರಲು ಸ್ಟೇಷನ್ನಿನ ಹತ್ತಿರ ಕೂತರು. ಗಣಿಯ ಕಡೆಗೆ ರೈಲು ಬದಲಿಸುವವರು ಕೊಂಡರು. ನಮ್ಮ ಬೀದಿಯವರು ಮಾತ್ರ ಕೊಳ್ಳಲಿಲ್ಲ. ಎದುರು ಮನೆಯಾಕೆ ಕೊಳಾಯಿಯ ಹತ್ತಿರ ನಾಲ್ಕು ಜನರ ಮುಂದೆ ಅಂದರಂತೆ: "ಎಡಗೈನಾಗೆ ನಾದಿದ್ದು ಕಣಮ್ಮ. ಅದನ್ನ ಎಂಗೆ ಬಾಯಿಗಿಡೋದು?" ಮಾತು ಸ್ಟೇಷನ್ನಿನವರೆಗೂ ಹೋಯಿತು. ಒಬ್ಬಾತ ಕೊಂಡಿದ್ದನ್ನೇ ವಾಪಸು ತಂದು ಬುಟ್ಟಿಗೆ ಹಾಕಿ ಹೋದ. ನನ್ನ ಗಂಡ ಆ ಸಂಜೆ ಬುಟ್ಟಿಯನ್ನು ಅಟ್ಟದ ಮೇಲೆ ಎಸೆದು, ಗೋಡೆಗೆ ಇನ್ನೂ ಹತ್ತಿರ ಸರಿದು ಊಟಕ್ಕೆ ಕೂತರು. ಅಷ್ಟು ಸಲ ಬ್ರೆಡ್ಡು ಹಾಳಾದರೂ ಮುರಿಯದ ಮನುಷ್ಯನನ್ನು ಒಂದು ಮಾತು ಮುರಿದಿತ್ತು.

ಒಲೆ ಆರಿಯೇ ಇತ್ತು, ಹಲವು ದಿನ. ಅಷ್ಟರಲ್ಲಿ ಎದುರು ಮನೆಯ ಸೊಸೆಗೆ ಚಳಿಜ್ವರ ಬಂತು. ಜ್ವರ ಬಿಟ್ಟರೂ ಆ ಹುಡುಗಿಗೆ ಏನೂ ಸೇರದು, ಗಂಜಿಯೂ ನಿಲ್ಲದು. ಒಂದು ಬೆಳಗ್ಗೆ ಎದುರು ಮನೆಯಾಕೆ ನಮ್ಮ ಹಿತ್ತಲ ಬೇಲಿಯ ಹತ್ತಿರ ಬಂದು ಅತ್ತೆಯನ್ನು ಮೆಲ್ಲಗೆ ಕರೆದರು.

"ಅಕ್ಕಯ್ಯ, ಒಂದು ಬ್ರೆಡ್ಡು ಇದ್ರೆ ಕೊಡ್ತೀಯಾ? ನಮ್ ಸೊಸೆಗೆ ಏನೂ ಇಳೀತಿಲ್ಲ."

"ಇವತ್ತಿಲ್ಲ. ನಾಳೆ ಮಾಡ್ತಾನೆ," ಎಂದರು ಅತ್ತೆ. ಆಕೆ ಹೊರಟಾಗ ಮತ್ತೆ ಕರೆದು, "ಬೇಲಿ ತಾವ ಬರಬ್ಯಾಡ. ಮುಂದ್ಲ ಬಾಗ್ಲಿಗೆ ಬಾ. ನನ್ ಮಗನ ಕೈಯಿಂದ್ಲೇ ಇಸ್ಕೊಂಡೋಗು," ಎಂದರು.

ನನ್ನ ಗಂಡ ಕೊಟ್ಟಿಗೆಯಲ್ಲಿ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಎದ್ದು ಬಂದು ಅಟ್ಟದಿಂದ ಬುಟ್ಟಿ ಇಳಿಸಿ ತೊಳೆದರು. ಮಾರನೆಯ ದಿನ ಆಕೆ ಹಗಲು ಹೊತ್ತಿನಲ್ಲಿ ಬೀದಿ ದಾಟಿ ಬಂದು, ಜಗುಲಿಯ ಮುಂದೆ ನಿಂತು, ಎರಡೂ ಕೈ ಚಾಚಿ ತೆಗೆದುಕೊಂಡರು. ಹುಡುಗಿ ಹಾಲಿನಲ್ಲಿ ಅದ್ದಿ ತಿಂದಳಂತೆ. ಅದಾದ ಮೇಲೆ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ನಮ್ಮ ಮನೆಗೇ ಬರುತ್ತಿದ್ದರು. ನನ್ನ ಗಂಡ ಊಟಕ್ಕೆ ನಮ್ಮ ಕಡೆ ತಿರುಗಿ ಕೂತದ್ದು ಯಾವ ದಿನವೆಂದು ನನಗೆ ನೆನಪಿಲ್ಲ. ಒಂದು ದಿನ ನೋಡಿದರೆ ತಿರುಗಿ ಕೂತಿದ್ದರು.

ನಾವು ದೊಡ್ಡವರಾಗಲಿಲ್ಲ, ಅಂಗಡಿ ಇಡಲಿಲ್ಲ. ಮನೆ ನಡೆಯಿತು. ಯುದ್ಧ ಬಂದ ಮೇಲೆ ಮೈದಾ ಸಿಗದಾಯಿತು. ಆಗ ಅವರು ರಾಗಿ ಹಿಟ್ಟಿನಲ್ಲಿ ಬ್ರೆಡ್ಡು ಮಾಡಲು ಹೊರಟರು. ರಾಗಿ ಅಂಟುವುದಿಲ್ಲ, ಉಬ್ಬುವುದಿಲ್ಲ. ಒಲೆಯಿಂದ ತೆಗೆದರೆ ಇಟ್ಟಿಗೆಯೇ. ಬಾಳೆಹಣ್ಣು ಸೇರಿಸಿದರು, ಗೆಣಸು ಬೇಯಿಸಿ ಸೇರಿಸಿದರು, ಅಕ್ಕಿಹಿಟ್ಟು ಬೆರೆಸಿದರು. ಬರಲೇ ಇಲ್ಲ. ಯುದ್ಧ ಮುಗಿದು ಮೈದಾ ಮತ್ತೆ ಬಂದ ಮೇಲೂ ವಾರಕ್ಕೊಮ್ಮೆ ಒಂದು ಮುಷ್ಟಿ ರಾಗಿ ಹಿಟ್ಟು ಬ್ರೆಡ್ಡಿಗೆಂದು ಎತ್ತಿಟ್ಟುಕೊಳ್ಳುತ್ತಿದ್ದರು. ಹಟ ಹಿಡಿದರೆ ಎಲ್ಲವೂ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಆ ರಾಗಿ ನೆನಪಾಗುತ್ತದೆ. ಆಗುವುದಿಲ್ಲ, ಕೆಲವು ಆಗುವುದಿಲ್ಲ. ಆದರೆ ರಾಗಿಯ ದಿನ ಹಿತ್ತಲಿಗೆ ಹೋಗುವಾಗ ಅವರು ಸಣ್ಣಗೆ ಏನೋ ಗುನುಗುತ್ತಿರುತ್ತಿದ್ದರು. "ಇವತ್ತು ಸ್ವಲ್ಪ ಬೆಲ್ಲ ಆಕಿ ನೋಡ್ತೀನಿ," ಎನ್ನುತ್ತಿದ್ದರು. ನಾನು ಬೆಲ್ಲ ಕುಟ್ಟಿ ಕೊಡುತ್ತಿದ್ದೆ.