ಟಿಟ್ವಾಳಾದ ಇಡ್ಲಿ ಬಿಲ್ಡಿಂಗ್

ಠಾಣೆಯ ವರ್ತಕ ನಗರದ ಬಾಡಿಗೆ ಖೋಲಿ ಬಿಟ್ಟು, ಮುಂಬಯಿಯಿಂದ ಇನ್ನೂ ದೂರದ ಟಿಟ್ವಾಳಾಕ್ಕೆ ಹೋಗುತ್ತೇವೆ ಎಂದಾಗ, ನಾವೇನೋ ಸನ್ಯಾಸ ತೆಗೆದುಕೊಂಡವರ ಹಾಗೆ ನೆಂಟರೆಲ್ಲ ನಮ್ಮನ್ನು ನೋಡಿದರು. ಅದು ಎರಡು ಸಾವಿರ ಇಸವಿಯ ಆಚೀಚೆಯ ಮಾತು. ಅವರ ಪಾಲಿಗೆ ಟಿಟ್ವಾಳಾ ಎಂದರೆ ಸಂಕಷ್ಟಿಯ ದಿನ ಗಣಪತಿಗೆ ಕೈಮುಗಿದು ಸಂಜೆಯ ಲೋಕಲ್ಲಿಗೆ ವಾಪಸಾಗುವ ಊರು. ನಮ್ಮ ಕೈಗೆಟುಕುವ ಸ್ವಂತ ಮನೆ ಸಿಕ್ಕಿದ್ದು ಮಾತ್ರ ಅಲ್ಲಿಯೇ.

ಭತ್ತದ ಗದ್ದೆಗಳ ನಡುವೆ ನಮ್ಮದೊಂದೇ ಬಿಲ್ಡಿಂಗ್. ಬಿಲ್ಡರ್ ಅದಕ್ಕೆ ಯಾವುದೋ ಅರಮನೆಯ ಹೆಸರಿಟ್ಟು ಗೇಟಿನ ಮೇಲೆ ಚಿನ್ನದ ಬಣ್ಣದಲ್ಲಿ ಬರೆಸಿದ್ದ. ಒಳಗೆ ಬಂದು ಸೇರಿದವರೆಲ್ಲ ವಲಸೆಯವರು: ಉಡುಪಿ ಕಡೆಯ ನಾವು, ಎದುರು ಮನೆಯಲ್ಲಿ ವಿಜಯಪುರದ ಅಕ್ಕ, ಮೇಲೆ ಜಳಗಾಂವ್‌ನವರು, ಕೆಳಗೆ ಬಿಹಾರದವರು. ಭಾಷೆ ಬೇರೆಬೇರೆಯಾದರೂ ದೂರು ಒಂದೇ. ಸ್ಟೇಷನ್ನಿನಿಂದ ಇಲ್ಲಿಗೆ ಯಾವ ರಿಕ್ಷಾವೂ ಬರುವುದಿಲ್ಲ.

ರಿಕ್ಷಾದವರನ್ನು ದೂರಿ ಪ್ರಯೋಜನವಿರಲಿಲ್ಲ. ವಾಪಸು ಹೋಗುವಾಗ ಅವರಿಗೆ ಒಬ್ಬ ಗಿರಾಕಿಯೂ ಸಿಗುತ್ತಿರಲಿಲ್ಲ. ಮಳೆಗಾಲದಲ್ಲಂತೂ ನಾನು ಆಫೀಸಿನ ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಕೆಸರಿನಲ್ಲಿ ನಡೆದು, ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಕಾಲು ತೊಳೆದು ಟ್ರೇನ್ ಹತ್ತುತ್ತಿದ್ದೆ.

ನನ್ನ ಮಾವ ಆಗಷ್ಟೇ ಹೋಟೆಲಿನ ಅಡುಗೆಮನೆಯ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದರು. ಕೂತು ಅವರಿಗೆ ಅಭ್ಯಾಸವಿಲ್ಲ. ಬೆಳಿಗ್ಗೆ ಬೇಗ ಎದ್ದು, ಮಾಡಲು ಏನೂ ತೋಚದೆ ನನ್ನ ಸಾಂಬಾರ ಡಬ್ಬಿಗಳನ್ನೆಲ್ಲ ತಮಗೆ ಬೇಕಾದಂತೆ ಜೋಡಿಸಿಡುತ್ತಿದ್ದರು. ಒಂದು ಶನಿವಾರ ಯಾರಿಗೂ ಹೇಳದೆ ಸ್ಟೇಷನ್ನಿನ ರಿಕ್ಷಾ ಸ್ಟ್ಯಾಂಡಿಗೆ ಹೋಗಿ, ಮರುದಿನ ತಿಂಡಿಗೆ ಬನ್ನಿ ಎಂದು ಎಲ್ಲರನ್ನೂ ಕರೆದು ಬಂದರು. ಏನೋ ಪೂಜೆ ಇರಬೇಕು ಎಂದುಕೊಂಡು ರಿಕ್ಷಾದವರೆಲ್ಲ ಸ್ನಾನ ಮಾಡಿ ಬಂದಿದ್ದರು. ಗೇಟಿನ ಬಳಿ ಮೇಜು ಹಾಕಿ ಮಾವ ಇಡ್ಲಿ, ಸಾಂಬಾರು ಬಡಿಸಿದರು. ಯಾವ ದೇವರ ಪ್ರಸಾದ ಎಂದು ಒಬ್ಬ ಕೇಳಿಯೇಬಿಟ್ಟ.

ಮಾವ ತಮ್ಮ ಹೋಟೆಲ್ ಹಿಂದಿಯಲ್ಲಿ ಹೇಳಿದ್ದು ಇಷ್ಟೇ: "ಭಾನುವಾರದ ತಿಂಡಿ ನನ್ನದು. ಉಳಿದ ದಿನ ನನ್ನ ಸೊಸೆಗೆ ಬೆಳಗಿನ ಫಾಸ್ಟ್ ಲೋಕಲ್ ತಪ್ಪಬಾರದು."

ಸ್ಟ್ಯಾಂಡಿನ ಹಿರಿಯ, ದಪ್ಪ ಮೀಸೆಯವನು, ಮತ್ತೆರಡು ಇಡ್ಲಿ ಹಾಕಿಸಿಕೊಂಡ. ಸೋಮವಾರ ಬೆಳಿಗ್ಗೆ ನಾನು ಚಪ್ಪಲಿಯ ಚೀಲ ಹಿಡಿದು ಕೆಳಗಿಳಿದರೆ ಗೇಟಿನ ಮುಂದೆ ಅವನದೇ ರಿಕ್ಷಾ ನಿಂತಿತ್ತು. ಕಾಲಿಗೆ ಕೆಸರು ತಾಗದೆ ರಾಣಿಯಂತೆ ಸ್ಟೇಷನ್ ಸೇರಿದೆ.

ಭಾನುವಾರದ ತಿಂಡಿ ನಿಲ್ಲಲಿಲ್ಲ. ವಿಜಯಪುರದ ಅಕ್ಕನೂ ಶೇಂಗಾ ಚಟ್ನಿ ಹಿಡಿದು ಇಳಿದರು. "ನಿಮ್ಮ ಕೊಬ್ಬರಿ ಚಟ್ನಿ ಹುಡುಗ್ರಿಗೆ ಛಲೋ ಐತ್ರಿ. ರಿಕ್ಷಾ ಹೊಡಿಯೋರಿಗೆ ಖಾರ ಬೇಕ್ರಿ" ಎಂದರು. ಮಾವ ಎರಡು ದಿನ ಮುಖ ಊದಿಸಿಕೊಂಡಿದ್ದು, ಆಮೇಲೆ ತಾವೇ ಅದನ್ನು ಕೇಳಿ ಹಾಕಿಸಿಕೊಂಡು ತಿನ್ನತೊಡಗಿದರು.

ರಿಕ್ಷಾ ಬಂದ ಮೇಲೆ ತರಕಾರಿ ಗಾಡಿ ಬಂತು, ಅದರ ಹಿಂದೆ ಮೆಡಿಕಲ್ ಅಂಗಡಿ, ಹಿಟ್ಟಿನ ಗಿರಣಿ, ಶಾಲೆಯ ಬಸ್ಸು. ಗದ್ದೆಗಳಲ್ಲಿ ಒಂದೊಂದೇ ಬಿಲ್ಡಿಂಗ್ ಎದ್ದಿತು. ಸ್ಟ್ಯಾಂಡಿನಲ್ಲಿ ಎಲ್ಲರೂ ನಮ್ಮ ಗೇಟಿಗೆ ಇಡ್ಲಿ ಬಿಲ್ಡಿಂಗ್ ಎನ್ನತೊಡಗಿದರು. ಕ್ರಮೇಣ ಆ ಇಡೀ ಪರಿಸರಕ್ಕೇ ಅದೇ ಹೆಸರಾಯಿತು.

ನಮ್ಮ ಸೊಸೈಟಿಯ ಸೆಕ್ರೆಟರಿ, ಜಳಗಾಂವ್‌ನವರು, ಇದನ್ನು ಸಹಿಸಲಿಲ್ಲ. ಅವರಿಗೆ ಮದುವೆಗೆ ಬಂದ ಮಗಳಿದ್ದಳು. ಅರಮನೆಯ ಹೆಸರಿದ್ದೂ ತಿಂಡಿಯ ಹೆಸರಿನಿಂದ ಕರೆಸಿಕೊಳ್ಳಬೇಕೇ ಎಂದು ಮೀಟಿಂಗಿನಲ್ಲಿ ಕೇಳಿ, ತಿರುವಿನಲ್ಲಿ ದೀಪದ ಬೋರ್ಡು ಹಾಕಿಸಿದರು. ಹುಡುಗಿ ನೋಡಲು ನಾಸಿಕದಿಂದ ಬರುವವರಿಗೂ ಅರಮನೆಯ ವಿಳಾಸವನ್ನೇ ಕೊಟ್ಟರು. ಆದರೆ ಸ್ಟ್ಯಾಂಡಿನಲ್ಲಿ ಒಬ್ಬನಿಗೂ ಆ ಹೆಸರು ಗೊತ್ತಿಲ್ಲ. ಬೀಗರಾಗಬೇಕಾದವರು ಊರೆಲ್ಲ ಸುತ್ತಿ, ದೇವಸ್ಥಾನದ ಕೆರೆಯ ಬಳಿ ನಿಂತು ಬೇಸರದಿಂದ ಫೋನ್ ಮಾಡಿದರು. ಅಂಗಳದಲ್ಲಿ ನಾವೆಲ್ಲ ಕಾಯುತ್ತಿದ್ದೆವು. ಸೆಕ್ರೆಟರಿ ನಮಗೆ ಬೆನ್ನು ತಿರುಗಿಸಿ, ಫೋನಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದರು: "ಇಡ್ಲಿ ಬಿಲ್ಡಿಂಗ್ ಅಂತ ಹೇಳಿ."

ಸ್ವಲ್ಪ ಹೊತ್ತಿಗೆ ಅವರು ಬಂದರು. ಹುಡುಗಿಯನ್ನು ಒಪ್ಪಿಕೊಂಡರು. ಮದುವೆಯ ಕರೆಯೋಲೆಯಲ್ಲಿ ಅರಮನೆಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇಡ್ಲಿ ಬಿಲ್ಡಿಂಗ್ ಎಂದೂ ಇತ್ತು.

ಮೊಣಕಾಲು ನೋವು ಹೆಚ್ಚಿದ ಮೇಲೆ ಮಾವ ಭಾನುವಾರದ ತಿಂಡಿ ನಿಲ್ಲಿಸಿದರು. ಹಳೆಯ ಡ್ರೈವರುಗಳೂ ಒಬ್ಬೊಬ್ಬರಾಗಿ ತಂತಮ್ಮ ಊರಿಗೆ ಹೋದರು. ಕೆಲವು ವರ್ಷಗಳ ಬಳಿಕ ಒಂದು ಸಂಜೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಹೊಸ ಡ್ರೈವರನನ್ನು ಈ ಹೆಸರು ಹೇಗೆ ಬಂತು ಎಂದು ಸುಮ್ಮನೆ ಕೇಳಿದೆ. ಮೊದಲು ಇಲ್ಲೊಂದು ದೊಡ್ಡ ಇಡ್ಲಿ ಕಾರ್ಖಾನೆ ಇತ್ತಂತೆ, ಮುಂಬಯಿಗೆಲ್ಲ ಇಲ್ಲಿಂದಲೇ ಟ್ರೇನಿನಲ್ಲಿ ಇಡ್ಲಿ ಹೋಗುತ್ತಿತ್ತಂತೆ, ಮಾಲೀಕ ಮದ್ರಾಸಿನವನಂತೆ.

ಮನೆಗೆ ಬಂದು ಮಾವನಿಗೆ ಹೇಳಿದೆ. ಬೇಸರಪಟ್ಟಾರು ಎಂದುಕೊಂಡಿದ್ದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆ ಡ್ರೈವರ್ ಎಷ್ಟು ಹೊತ್ತಿಗೆ ಸ್ಟ್ಯಾಂಡಿಗೆ ಬರುತ್ತಾನೆಂದು ಕೇಳಿದರು. ಮರುದಿನ ಕೋಲೂರಿಕೊಂಡು ಹೋಗಿ, ಅವನ ರಿಕ್ಷಾದಲ್ಲೇ ಕೂತು, ಕಾರ್ಖಾನೆಯ ಕತೆಯನ್ನು ಪೂರ್ತಿ ಕೇಳಿಸಿಕೊಂಡು ಬಂದರು.